ಎಣಿಸದೆ ಬರೆದ ನಾಲ್ಕು

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೇರಳೆ ಬಣ್ಣದಲ್ಲಿರುತ್ತಿತ್ತು. ಆಗಷ್ಟೇ ನೇರಳೆ ಹಣ್ಣು ತಿಂದು ಕೈ ತೊಳೆಯದೆ ಬಂದವರ ಹಾಗೆ. ಅದು ಹಣ್ಣಿನ ಬಣ್ಣವಲ್ಲ. ರಕ್ತದ ಕಣಗಳು ಕಾಣಲಿ ಎಂದು ಗಾಜಿನ ಸ್ಲೈಡಿನ ಮೇಲೆ ಸುರಿಯುವ ಬಣ್ಣ. ನಾವೆಲ್ಲ ಕೈಗವಸು ಹಾಕಿ ಆ ಕೆಲಸ ಮಾಡುತ್ತೇವೆ. ಅವರೂ ಹಾಕುತ್ತಿದ್ದರು, ಆದರೆ ಬಲಗೈ ಹೆಬ್ಬೆರಳಿನ ತುದಿಯನ್ನು ಕತ್ತರಿಯಿಂದ ಕತ್ತರಿಸಿ. "ಗಾಜಿನ ಅಂಚು ಬೆರಳಿಗೆ ಗೊತ್ತಾಗ್ಬೇಕು ಮಗಾ. ರಬ್ಬರಿಗೆ ಗೊತ್ತಾಗಿ ಎಂತ ಪ್ರಯೋಜನ?" ಎನ್ನುತ್ತಿದ್ದರು. ಚುನಾವಣೆಯ ಸಮಯದಲ್ಲಿ ಬಂದವರು ಅವರ ಬೆರಳು ನೋಡಿ, "ಮಾಸ್ಟ್ರಿಗೆ ವರ್ಷ ಇಡೀ ಓಟು" ಎಂದು ನಗುತ್ತಿದ್ದರು.

ಊರಿಗೆಲ್ಲ ಅವರು ಮಾಸ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ವಾಮದಪದವಿನ ಪೇಟೆಯಲ್ಲಿ, ಒಂದು ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಇದ್ದ ಸಣ್ಣ ಲ್ಯಾಬಿನಲ್ಲಿ ಮೂವತ್ತು ವರ್ಷ ರಕ್ತ ನೋಡಿದವರು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾವ ಲ್ಯಾಬಿಗೆ ಹೋದರೂ ಅವರ ಕೈಯಲ್ಲಿ ಪಳಗಿದ ಒಬ್ಬರಾದರೂ ಸಿಗುತ್ತಿದ್ದರು. ಅದಕ್ಕೇ ಆ ಹೆಸರು. ಅವರ ಕೈಯಲ್ಲಿ ಕೊನೆಯದಾಗಿ ಪಳಗಿದವಳು ನಾನು.

ಡಿಪ್ಲೊಮಾ ಮುಗಿಸಿ ನಾನು ಅಲ್ಲಿಗೆ ಸೇರಿದ ಮೊದಲ ದಿನ ಇಪ್ಪತ್ತು ಸ್ಲೈಡುಗಳನ್ನು ಎಳೆದು ಸಾಲಾಗಿ ಇಟ್ಟಿದ್ದೆ. ಒಂದು ಹನಿ ರಕ್ತವನ್ನು ಇನ್ನೊಂದು ಗಾಜಿನ ಅಂಚಿನಿಂದ ತಳ್ಳಿ ತೆಳುವಾಗಿ ಹರಡುವ ಕೆಲಸ ಅದು. ಅವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದರು, ಒಂದೊಂದನ್ನೇ ಕಸದ ಡಬ್ಬಿಗೆ ಹಾಕಿದರು. "ಇದು ಸ್ಲೈಡ್ ಅಲ್ಲ ಮಾರಾಯ್ತಿ, ನೆಲಕ್ಕೆ ಸೆಗಣಿ ಸಾರಿಸಿದ್ದು" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡದವರಂತೆ ನನ್ನ ಮಣಿಕಟ್ಟನ್ನು ಹಿಡಿದು, "ಒತ್ತಬೇಡ, ತಡೀಬೇಡ, ಒಂದೇ ಉಸಿರಲ್ಲಿ ಎಳಿ" ಎಂದು ತೋರಿಸಿದರು. ಮೂರು ತಿಂಗಳಾದ ಮೇಲೆ ನನ್ನ ಒಂದು ಸ್ಲೈಡು ಕಸದ ಡಬ್ಬಿಗೆ ಹೋಗದೆ ಮೈಕ್ರೋಸ್ಕೋಪಿನ ಕೆಳಗೆ ಹೋಯಿತು. ಆ ದಿನ ಸಂಜೆ ನಾಲ್ಕು ಗಂಟೆಗೆ ಕೆಳಗಿನ ಹೋಟೆಲಿನಿಂದ ಗೋಳಿಬಜೆ ತರಿಸಿದರು. ಕೈಯನ್ನು ಮೂರು ಸಲ ಸಾಬೂನಿನಲ್ಲಿ ತೊಳೆದು ಮೊದಲನೆಯದನ್ನು ನನಗೆ ಕೊಟ್ಟರು.

ಮಕ್ಕಳ ರಕ್ತ ತೆಗೆಯುವಾಗ ಅವರದ್ದೊಂದು ಆಟ ಇತ್ತು. ರೋಗಿಗಳೊಂದಿಗೆ ಪುಸ್ತಕದ ಕನ್ನಡ ಆಡುತ್ತಿದ್ದವರು ಮಕ್ಕಳ ಮುಂದೆ ತುಳುವಿಗೆ ಇಳಿಯುತ್ತಿದ್ದರು. "ಮೂರು ಹೇಳಿದ ಮೇಲೆ ಸೂಜಿ" ಎಂದು ಮಾತು ಕೊಟ್ಟು, "ಒಂಜಿ, ರಡ್ಡ್" ಎನ್ನುವಷ್ಟರಲ್ಲಿ ಚುಚ್ಚಿ ರಕ್ತ ತೆಗೆದು, ಸೂಜಿ ಹೊರಗೆ ಬಂದ ಮೇಲೆ "ಮೂಜಿ" ಎನ್ನುತ್ತಿದ್ದರು. ಮೋಸ ಹೋದ ಮಕ್ಕಳು ಅಳಬೇಕೋ ನಗಬೇಕೋ ತಿಳಿಯದೆ ಬಾಯಿ ತೆರೆದು ನೋಡುತ್ತಿದ್ದವು. ನಾನೂ ನಗುತ್ತಿದ್ದೆ.

ಅವರ ನಿಜವಾದ ಪ್ರೀತಿ ಬಿಳಿ ರಕ್ತಕಣಗಳ ಮೇಲೆ. ದೇಹವನ್ನು ಕಾಯುವ ಆ ಕಣಗಳಲ್ಲಿ ಐದು ಜಾತಿ. ಅದರಲ್ಲಿ ಒಂದರ ಹೊಟ್ಟೆಯ ತುಂಬ ಕಿತ್ತಳೆ ಕೆಂಪಿನ ಸಣ್ಣ ಸಣ್ಣ ಕಾಳುಗಳು. ಇಸಿನೊಫಿಲ್ ಎಂದು ಅದರ ಹೆಸರು. ನಾನು ಸೇರಿದ ವರ್ಷವೇ ಒಬ್ಬ ಹೆಂಗಸು ಬಂದಿದ್ದಳು, ಬೀಡಿ ಕಟ್ಟುವವಳು, ನಾಲ್ಕು ಮೆಟ್ಟಿಲು ಹತ್ತಿ ಐದನೆಯದರಲ್ಲಿ ಕುಳಿತವಳು. ಅವಳ ಕಫವನ್ನು ಗಾಜಿನ ಮೇಲೆ ಹರಡಿ ಮಾಸ್ಟ್ರು ನನ್ನನ್ನು ಕರೆದರು. "ಇಲ್ಲಿ ನೋಡು." ಕೆಂಪು ಕಾಳಿನ ಕಣಗಳು ರಾಶಿ ಬಿದ್ದಿದ್ದವು. ಅವುಗಳ ನಡುವೆ ಎರಡೂ ತುದಿ ಚೂಪಾದ, ಸೂಜಿಯಂಥ ಹರಳುಗಳು ಹೊಳೆಯುತ್ತಿದ್ದವು.

"ಇದೆಂತ ಮಾಸ್ಟ್ರೇ?"

"ಆ ಕಣ ಒಡೆದು ಸತ್ತ ಮೇಲೆ ಉಳಿದದ್ದು. ಇವು ಇರುವುದು ಹೊಟ್ಟೆಯ ಹುಳ ಕೊಲ್ಲಲಿಕ್ಕೆ. ದಮ್ಮಿನವರಲ್ಲಿ ಏನಾಗ್ತದೆ ಅಂದ್ರೆ, ಧೂಳನ್ನೂ ಹುಳ ಅಂತ ತಿಳ್ಕೊಂಡು ಎದೆಗೆ ನುಗ್ತವೆ. ಅಲ್ಲಿ ಹುಳ ಇಲ್ಲ. ಇರುವುದು ಇವರದ್ದೇ ಉಸಿರಿನ ಕೊಳವೆ. ತಂದ ವಿಷವನ್ನೆಲ್ಲ ಅದರ ಮೇಲೆಯೇ ಚೆಲ್ತವೆ. ಕೊಳವೆ ಬಾತು ಮುಚ್ತದೆ."

ಆಮೇಲೆ ಒಂದು ಮಾತು ಹೇಳಿದರು. ಅಸ್ತಮಾದ ಎಲ್ಲರಲ್ಲೂ ಈ ಕಣ ಹೆಚ್ಚಿರುವುದಿಲ್ಲ. ಹೆಚ್ಚಿದ್ದವರಿಗೆ ಬಾಯಿಗೆ ಎಳೆದುಕೊಳ್ಳುವ ಸ್ಟೀರಾಯ್ಡ್ ಪಂಪು ಚೆನ್ನಾಗಿ ಹಿಡಿಯುತ್ತದೆ, ಈ ಕಣಗಳು ಅಡಗುತ್ತವೆ. ಯಾರಿಗೆ ಕೊಡಬೇಕು, ಎಷ್ಟು ದಿನ ಕೊಡಬೇಕು ಎಂದು ಡಾಕ್ಟರು ತೀರ್ಮಾನಿಸುವಾಗ ಈ ಎಣಿಕೆಯನ್ನೂ ನೋಡುತ್ತಾರೆ. "ಹಾಗಾಗಿ ದಮ್ಮಿನವರದ್ದು ಬಂದ್ರೆ ನೂರಕ್ಕೆ ನಿಲ್ಲಿಸ್ಬೇಡ. ಇನ್ನೂರು ಎಣಿಸು. ನಾವು ಇಲ್ಲಿ ಬರೆಯುವ ಒಂದು ಅಂಕೆಯ ಮೇಲೆ ಅಲ್ಲಿ ಒಬ್ಬರ ಉಸಿರು ನಿಂತಿರ್ತದೆ."

ಎಣಿಸಲು ಅವರ ಬಳಿ ಕಬ್ಬಿಣದ ಒಂದು ಸಣ್ಣ ಯಂತ್ರ ಇತ್ತು. ಒಂದೊಂದು ಜಾತಿಯ ಕಣಕ್ಕೆ ಒಂದೊಂದು ಗುಂಡಿ. ಕಣ್ಣು ಮೈಕ್ರೋಸ್ಕೋಪಿನಲ್ಲಿ, ಬೆರಳು ಗುಂಡಿಯ ಮೇಲೆ. ನೂರು ಆದ ಕೂಡಲೇ ಯಂತ್ರ ಟಿಣ್ ಎಂದು ಗಂಟೆ ಬಡಿಯುತ್ತದೆ. ರಕ್ತ ಎಣಿಸುವ ದೊಡ್ಡ ಮಿಶಿನು ನಮ್ಮಲ್ಲಿಗೂ ಬಂದಿತ್ತು, ಆದರೆ ಅದು ಕಡಿಮೆ ಬೆಲೆಯದ್ದು. ಬಿಳಿ ಕಣಗಳನ್ನು ಮೂರೇ ಗುಂಪು ಮಾಡುತ್ತಿತ್ತು, ಇಸಿನೊಫಿಲನ್ನು ಬೇರೆಯಾಗಿ ತೋರಿಸುತ್ತಿರಲಿಲ್ಲ. ಅದನ್ನು ಕಣ್ಣಿನಿಂದಲೇ ಎಣಿಸಬೇಕಿತ್ತು.

ಅವರ ಇನ್ನೊಂದು ನಿಯಮ: ಮನೆಯವರ ರಕ್ತ ನಾವು ನೋಡಬಾರದು. "ಕಣ್ಣು ತನಗೆ ಬೇಕಾದ್ದನ್ನು ನೋಡ್ತದೆ. ನಿನ್ನ ಮನೆಯವರದ್ದು ನಾನು ನೋಡ್ತೇನೆ, ನನ್ನ ಮನೆಯವರದ್ದು ನೀನು ನೋಡು." ಅವರ ಹೆಂಡತಿಯ ರಕ್ತವನ್ನು ನನ್ನ ಕೈಗೆ ಕೊಟ್ಟು ತಾವು ಹೊರಗೆ ಹೋಗಿ ನಿಲ್ಲುತ್ತಿದ್ದರು. ಇಪ್ಪತ್ತೆರಡರ ನನಗೆ ಅದಕ್ಕಿಂತ ದೊಡ್ಡ ಗೌರವ ಬೇಕಿರಲಿಲ್ಲ.

ಮನೆಯಲ್ಲಿ ನಾವು ಮೂವರು. ಅಮ್ಮ, ನಾನು, ನನಗಿಂತ ಒಂಬತ್ತು ವರ್ಷ ಚಿಕ್ಕವಳಾದ ತಂಗಿ. ಪತ್ರೊಡೆ ಮಾಡಿದ ದಿನ ಅಮ್ಮ ಮಾಸ್ಟ್ರ ಪಾಲನ್ನು ಮೊದಲು ಡಬ್ಬಿಗೆ ಹಾಕಿ ಆಮೇಲೆ ನಮಗೆ ಬಡಿಸುತ್ತಿದ್ದಳು. ತಂಗಿ ವಾಲಿಬಾಲ್ ಆಡುವವಳು. ನೆಟ್ಟಿನ ಎದುರು ಅವಳು ನೆಗೆದರೆ ನಮ್ಮ ಊರಿನ ಗಂಡಸರೂ ನಿಂತು ನೋಡುತ್ತಿದ್ದರು. ಆ ಆಟದ ಬಲದಿಂದಲೇ ಮಿಜಾರು ಕಡೆಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಚಿಕ್ಕಂದಿನಿಂದ ಅವಳಿಗೆ ಸ್ವಲ್ಪ ದಮ್ಮು. ಪಂಪು ಎಳೆದುಕೊಂಡರೆ ಅಡಗುತ್ತಿತ್ತು.

ಕಾಲೇಜು ಸೇರಿದ ವರ್ಷ ಅದು ಹೆಚ್ಚಾಯಿತು. ನಮ್ಮ ಲ್ಯಾಬಿನ ಎದುರು ಬದಿಯಲ್ಲಿ ಒಬ್ಬರು ಎಳೆಯ ಡಾಕ್ಟರು ಕ್ಲಿನಿಕ್ ಇಟ್ಟಿದ್ದರು, ಒಳ್ಳೆಯವರು, ನಿಧಾನವಾಗಿ ಕೇಳುವವರು. ತಂಗಿ ಹೇಳಿದ್ದನ್ನೆಲ್ಲ ಕೇಳಿ, ಎದೆಗೆ ಕೊಳವೆ ಇಟ್ಟು ನೋಡಿ, "ಈಗ ಎದೆ ಶುದ್ಧ ಉಂಟು. ರಕ್ತ ನೋಡುವ" ಎಂದರು. ಅವಳ ರಕ್ತವನ್ನು ನಾನೇ ತೆಗೆದೆ. ಸ್ಲೈಡನ್ನು ನಾನೇ ಎಳೆದು ಬಣ್ಣ ಹಾಕಿದೆ. ನಿಯಮದಂತೆ ಮಾಸ್ಟ್ರ ಮುಂದೆ ಇಟ್ಟು ಚೀಟಿಯಲ್ಲಿದ್ದ ಹೆಸರನ್ನು ಓದಿ ಹೇಳಿದೆ. ಗುಂಡಿಗಳ ಸದ್ದು ಕೇಳಿತು. ಗಂಟೆ ಎರಡು ಸಲ ಬಡಿಯಿತು. ಅವರು ಕಾಗದದ ಮೇಲೆ ದೊಡ್ಡದಾಗಿ ಬರೆದರು: ಇಸಿನೊಫಿಲ್ ನೂರಕ್ಕೆ ಮೂರು. ನಾನು ಅದನ್ನು ಟೈಪ್ ಮಾಡಿದೆ.

ಐದು ತಿಂಗಳ ಬಳಿಕ ಡಾಕ್ಟರು ಮತ್ತೆ ನೋಡಲು ಹೇಳಿದರು. ಈ ಸಲ ನಾಲ್ಕು.

ಡಾಕ್ಟರು ಎರಡೂ ರಿಪೋರ್ಟನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಅಲರ್ಜಿಯ ಕಣ ಹೆಚ್ಚಿಲ್ಲ. ವಾಲಿಬಾಲ್ ತಂಡದ ಆಯ್ಕೆ ಹತ್ತಿರ ಬಂತಲ್ಲ, ಹೆದರಿಕೆಯಿಂದಲೂ ಹೀಗೆ ಉಸಿರು ಕಟ್ತದೆ. ಸ್ಟೀರಾಯ್ಡ್ ಪಂಪು ಸದ್ಯಕ್ಕೆ ನಿಲ್ಲಿಸಿ ನೋಡುವ" ಎಂದರು. ಉಸಿರಿನ ವ್ಯಾಯಾಮ ಬರೆದುಕೊಟ್ಟರು.

ತಂಗಿ ಒಪ್ಪಲಿಲ್ಲ. "ಹೆದರಿಕೆ ಎಂತದ್ದು ಅಕ್ಕ? ನನಗೆ ಆಟ ಅಂದ್ರೆ ಹೆದರಿಕೆಯಾ?" ಎಂದು ದಾರಿಯಲ್ಲಿ ಕೇಳಿದಳು. ನಾನು ರಿಪೋರ್ಟಿನ ಪರ ನಿಂತೆ. ಮಾಸ್ಟ್ರು ಇನ್ನೂರು ಎಣಿಸಿ ಬರೆದದ್ದು ಸುಳ್ಳಾಗುವುದು ಹೇಗೆ? ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ಎದೆ ಬಿಗೀತದೆ, ಇವತ್ತು ಹೋಗುದಿಲ್ಲ" ಎಂದಳು. ನಾನು ಚಪ್ಪಲಿ ಹಾಕುತ್ತಿದ್ದೆ. ತಲೆ ಎತ್ತದೆ ಹೇಳಿದೆ: "ಎರಡು ಸಲ ರಕ್ತ ನೋಡಿ ಆಗಿದೆ, ನಿನಗೆ ಎಂತದ್ದೂ ಇಲ್ಲ. ನಾಟಕ ಮಾಡ್ಬೇಡ."

ಅವಳು ಹೋದಳು. ಮಧ್ಯಾಹ್ನ ಮೂರರ ಹೊತ್ತಿಗೆ ಅವಳ ಕೋಚಿನ ಫೋನು ಬಂತು. ಮೈದಾನದಲ್ಲಿ ಬಿದ್ದಿದ್ದಾಳೆ, ತುಟಿ ನೀಲಿಯಾಗಿದೆ, ಮೂಡುಬಿದಿರೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ನಾನು ತಲುಪುವಷ್ಟರಲ್ಲಿ ಅವಳನ್ನು ಅಲ್ಲಿಂದ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದರು. ಬಾಯಿಗೆ ನಳಿಗೆ ಹಾಕಿ ಯಂತ್ರದಿಂದ ಉಸಿರು ಕೊಡುತ್ತಿದ್ದರು. ಗಾಜಿನ ಆಚೆಯಿಂದ ಅವಳ ಎದೆ ಏರಿಳಿಯುವುದನ್ನು ನೋಡುತ್ತಾ ಅಮ್ಮ ನನ್ನ ಕೈ ಹಿಡಿದು, "ನೀನು ಹೆದರಬೇಡ, ಮಾಸ್ಟ್ರ ಹತ್ತಿರ ಒಮ್ಮೆ ಕೇಳು" ಎಂದಳು. ಆಗಲೂ ಅಮ್ಮನಿಗೆ ನೆನಪಾದದ್ದು ಅವರೇ.

ಮರುದಿನ ಅಲ್ಲಿಯ ಡಾಕ್ಟರಮ್ಮ ನನ್ನನ್ನು ಕರೆದು ಹಳೆಯ ಕಾಗದ ಕೇಳಿದರು. ಅವರ ಕೈಯಲ್ಲಿ ಹೊಸ ರಿಪೋರ್ಟಿತ್ತು. ಮೂಡುಬಿದಿರೆಯಲ್ಲಿ ಇಂಜೆಕ್ಷನ್ ಕೊಡುವ ಮೊದಲು ತೆಗೆದ ರಕ್ತದ್ದು. "ಇದರಲ್ಲಿ ಇಸಿನೊಫಿಲ್ ಹತ್ತೊಂಬತ್ತು ಉಂಟು. ನಿಮ್ಮಲ್ಲಿ ಮೂರು, ನಾಲ್ಕು ಅಂತ ಬರ್ದಿದ್ದಾರೆ. ಇಷ್ಟು ವ್ಯತ್ಯಾಸ ಹೇಗೆ? ಇದು ಯಾವ ಲ್ಯಾಬು?"

ಕಾಗದದ ಮೇಲೆ ಹೆಸರಿತ್ತು. ಕೆಳಗೆ ಟೈಪ್ ಮಾಡಿದವರ ಜಾಗದಲ್ಲಿ ನನ್ನ ಸಣ್ಣ ಸಹಿಯೂ ಇತ್ತು. ಆ ಕಣ ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಹಾಗೆ ಆಗಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮಾಸ್ಟ್ರನ್ನು ಬಿಟ್ಟುಕೊಡಲು ನನಗೆ ಆಗಲೂ ಮನಸ್ಸಿರಲಿಲ್ಲ.

ನಾಲ್ಕನೆಯ ದಿನ ತಂಗಿಯ ಬಾಯಿಂದ ನಳಿಗೆ ತೆಗೆದರು. ಆ ಭಾನುವಾರ ಬೆಳಿಗ್ಗೆ ಅಮ್ಮನನ್ನು ಅಲ್ಲಿ ಬಿಟ್ಟು ನಾನು ಲ್ಯಾಬಿಗೆ ಬಂದು ಬಾಗಿಲು ತೆರೆದೆ. ಮಾಸ್ಟ್ರು ಪುತ್ತಿಗೆಯಿಂದ ಬಸ್ಸಿನಲ್ಲಿ ಬರುವಾಗ ಹತ್ತಾಗುತ್ತಿತ್ತು.

ನಮ್ಮಲ್ಲಿ ಸ್ಲೈಡುಗಳನ್ನು ಮೂರು ತಿಂಗಳು ಮರದ ಪೆಟ್ಟಿಗೆಯಲ್ಲಿ ಇಡುವ ಕ್ರಮ ಇತ್ತು. ತಂಗಿಯ ಎರಡನೆಯ ಸ್ಲೈಡು ಅದರಲ್ಲಿತ್ತು. ತೆಗೆದು ಬೆಳಕಿಗೆ ಹಿಡಿದೆ. ಹಿಡಿದವಳು ಹಾಗೆಯೇ ನಿಂತೆ.

ಇದನ್ನು ಓದುವವರಿಗೆ ಒಂದು ವಿಷಯ ಹೇಳಬೇಕು. ಬಿಳಿ ಕಣಗಳ ಒಳಗಿನ ಕಾಳು ಕಾಣಬೇಕಾದರೆ ಮೈಕ್ರೋಸ್ಕೋಪಿನ ದೊಡ್ಡ ಲೆನ್ಸು ಬೇಕು. ಆ ಲೆನ್ಸು ಮತ್ತು ಗಾಜಿನ ನಡುವೆ ಒಂದು ಹನಿ ಎಣ್ಣೆ ಬಿಡಲೇಬೇಕು. ಎಣ್ಣೆ ಇಲ್ಲದೆ ಅದರಲ್ಲಿ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಒಮ್ಮೆ ನೋಡಿದ ಸ್ಲೈಡಿನ ಮೇಲೆ ಎಷ್ಟು ಒರೆಸಿದರೂ ಹಳದಿ ಜಿಡ್ಡು ಉಳಿಯುತ್ತದೆ. ತಂಗಿಯ ಸ್ಲೈಡಿನ ಮೇಲೆ ಜಿಡ್ಡಿರಲಿಲ್ಲ. ಒಣಗಿತ್ತು, ಧೂಳು ಕೂತಿತ್ತು. ಪಕ್ಕದ್ದನ್ನು ತೆಗೆದೆ, ಅದೂ ಒಣಗಿತ್ತು. ಅದರ ಪಕ್ಕದ್ದೂ. ಪೆಟ್ಟಿಗೆಯಲ್ಲಿದ್ದ ಒಂದಕ್ಕೂ ಎಣ್ಣೆ ತಾಗಿರಲಿಲ್ಲ.

ಹಿಂದಿನ ಎರಡು ವರ್ಷಗಳ ಸಂಗತಿಗಳು ಒಂದೊಂದಾಗಿ ನೆನಪಿಗೆ ಬಂದವು. "ನಿನ್ನ ಕೈ ಚಂದ ಉಂಟು ಮಗಾ, ನೀನು ರಕ್ತ ತೆಗಿ. ನೋಡುವುದು ನಾನು ನೋಡ್ತೇನೆ" ಎಂದು ಅವರು ಎಲ್ಲ ಸ್ಲೈಡುಗಳನ್ನೂ ತಮ್ಮ ಮೇಜಿಗೆ ತರಿಸಿಕೊಂಡದ್ದು. ಅದನ್ನು ನಾನು ಪ್ರೀತಿ ಎಂದು ತಿಳಿದದ್ದು. ಕನ್ನಡಕ ಮನೆಯಲ್ಲಿ ಮರೆತೆ ಎಂದು ಚೀಟಿಗಳನ್ನು ನನ್ನಿಂದ ಓದಿಸುತ್ತಿದ್ದದ್ದು. ಲೆನ್ಸು ತಾಗಿಸಿ ಎರಡು ಮೂರು ಸ್ಲೈಡು ಒಡೆದದ್ದು. ಮೂರು, ನಾಲ್ಕು, ಎರಡು, ಮೂರು ಎಂದು ನಾನೇ ದಿನವೂ ಟೈಪ್ ಮಾಡಿದ ಅಂಕೆಗಳಲ್ಲಿ ಒಂದೇ ಒಂದು ಐದನ್ನು ದಾಟದಿದ್ದದ್ದು. ನಾನು ಇದನ್ನು ಗಮನಿಸಲಿಲ್ಲ. ಗಂಟೆ ಬಡಿಯುತ್ತಿತ್ತಲ್ಲ. ಅವರು ಎಣಿಸುತ್ತಿದ್ದಾರೆ ಎಂದೇ ನಂಬಿದ್ದೆ.

ತಂಗಿಯ ಸ್ಲೈಡಿಗೆ ಒಂದು ಹನಿ ಎಣ್ಣೆ ಬಿಟ್ಟೆ. ಲೆನ್ಸು ಇಳಿಸಿದೆ. ಕಿತ್ತಳೆ ಕೆಂಪು ಕಾಳುಗಳು ಕಣ್ಣಿಗೆ ರಾಚಿದವು. ಇನ್ನೂರು ಎಣಿಸಿದೆ. ಎರಡನೆಯ ಗಂಟೆ ಬಡಿದಾಗ ಬಾಗಿಲಲ್ಲಿ ಅವರು ನಿಂತಿದ್ದರು. ಸದ್ದಿನಿಂದಲೇ ಅವರಿಗೆ ತಿಳಿದಿತ್ತು.

"ಯಾರದ್ದು ನೋಡ್ತಿದ್ದಿ?"

"ನನ್ನ ತಂಗಿಯದ್ದು."

ಮನೆಯವರದ್ದು ನೋಡಬಾರದು ಎಂದು ಅವರು ಹೇಳಲಿಲ್ಲ. "ಎಷ್ಟು ಬಂತು?" ಎಂದು ಕೇಳಿದರು.

"ಇನ್ನೂರಕ್ಕೆ ಮೂವತ್ತಾರು."

"ಹದಿನೆಂಟು" ಎಂದು ಭಾಗಿಸಿ ಹೇಳಿ, ಗೋಡೆ ಹಿಡಿದುಕೊಂಡು ಬಂದು ರೋಗಿಗಳು ಕೂರುವ ಸ್ಟೂಲಿನ ಮೇಲೆ ಕುಳಿತರು. ಕೆಳಗಿನ ಹೋಟೆಲಿನಿಂದ ಪಾತ್ರೆಗಳ ಸದ್ದು ಬರುತ್ತಿತ್ತು.

"ನಡುವಿನಲ್ಲಿ ಒಂದು ಕಪ್ಪು ಕಲೆ" ಎಂದರು ಕೊನೆಗೆ. "ಎರಡೂ ಕಣ್ಣಿಗೆ. ಬದಿಯಲ್ಲಿ ಎಲ್ಲ ಕಾಣ್ತದೆ. ಬಸ್ಸು ಕಾಣ್ತದೆ, ಮೆಟ್ಟಿಲು ಕಾಣ್ತದೆ. ಯಾವುದನ್ನು ನೋಡ್ಬೇಕೋ ಅದೇ ಕಾಣುದಿಲ್ಲ. ಎರಡು ವರ್ಷ ಆಯ್ತು. ಸರಿ ಆಗ್ಲಿಕ್ಕಿಲ್ಲ ಅಂತ ಹೇಳಿದ್ದಾರೆ."

"ಹಾಗಾದ್ರೆ ಬರೆದದ್ದು ಎಂತದ್ದು ಮಾಸ್ಟ್ರೇ?"

"ಹೆಚ್ಚಿನವರಿಗೆ ಅಷ್ಟೇ ಇರ್ತದೆ. ಇಷ್ಟು ವರ್ಷ ನೋಡಿದ್ದೇನಲ್ಲ."

"ದಮ್ಮಿನವರಿಗೆ?"

ಅವರು ಕೈಯಲ್ಲಿದ್ದ ಕೊಡೆಯನ್ನು ಗೋಡೆಗೆ ಒರಗಿಸಿದರು.

"ಅದು ನನ್ನ ತಂಗಿಯದ್ದು ಅಂತ ನಿಮಗೆ ಗೊತ್ತಿತ್ತಾ?"

"ಹೆಸರು ಓದಿ ಹೇಳಿದ್ದು ನೀನೇ ಅಲ್ವಾ?"

ನಾನು ಎದ್ದು ನಿಂತೆ. "ಅದೊಂದನ್ನಾದ್ರೂ ನನ್ನ ಕೈಗೆ ಕೊಡ್ಬಹುದಿತ್ತು. ಇವತ್ತು ಕಣ್ಣು ನೋಯ್ತದೆ, ನೀನು ನೋಡು ಅಂತ ಒಂದು ಮಾತು. ನಾನು ಯಾಕೆ ಅಂತ ಕೇಳ್ತಿರ್ಲಿಲ್ಲ."

"ಒಂದು ಕೊಟ್ರೆ ಮರುದಿನ ಎಲ್ಲ ಕೊಡ್ಬೇಕು. ಮತ್ತೆ ಈ ಕುರ್ಚಿಯಲ್ಲಿ ನೀನು ಕೂತ್ಕೊಳ್ತಿ." ಅವರ ಮುಖ ನನ್ನ ಕಡೆಗಿರಲಿಲ್ಲ, ನನ್ನ ಭುಜದ ಆಚೆಗೆ ಎಲ್ಲೋ ಇತ್ತು. ಹಾಗೆ ನೋಡಿದರೆ ಮಾತ್ರ ನಾನು ಅವರಿಗೆ ಕಾಣುತ್ತಿದ್ದೆ ಎಂದು ಈಗ ಅರ್ಥವಾಗುತ್ತದೆ. "ನಾನು ಎಲ್ಲಿ ಕೂತ್ಕೊಳ್ಳುದು?"

ಅವರು ಅಳುತ್ತಾರೆ, ತಪ್ಪಾಯಿತು ಎನ್ನುತ್ತಾರೆ ಎಂದು ಕಾದೆ. ಅದು ಬರಲಿಲ್ಲ. "ಹುಡುಗಿ ಹೇಗಿದ್ದಾಳೆ?" ಎಂದರು.

"ಉಸಿರಾಡ್ತಿದ್ದಾಳೆ" ಎಂದೆ.

ಅವರು ಎದ್ದು ಕೊಡೆ ತೆಗೆದುಕೊಂಡು ಮೆಟ್ಟಿಲು ಇಳಿದರು. ಆಮೇಲೆ ಲ್ಯಾಬಿಗೆ ಬರಲಿಲ್ಲ.

ಎದುರಿನ ಡಾಕ್ಟರಿಗೆ ನಾನೇ ಹೋಗಿ ಹೇಳಿದೆ. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಮತ್ತೆ, "ಉಳಿದ ಸ್ಲೈಡುಗಳು ಉಂಟಾ?" ಎಂದರು. ಮೂರು ತಿಂಗಳಿನ ಅಷ್ಟನ್ನೂ ಎಣಿಸಲು ನನಗೆ ಎರಡು ವಾರ ಹಿಡಿಯಿತು. ಅದಕ್ಕೂ ಹಿಂದಿನವು ತೊಳೆದು ಹೋಗಿದ್ದವು. ತಪ್ಪಿದವರ ಪಟ್ಟಿ ಮಾಡಿ ಒಬ್ಬೊಬ್ಬರಿಗೇ ಫೋನು ಮಾಡಿದೆ, ಫೋನಿಲ್ಲದವರ ಮನೆಗೆ ನಡೆದು ಹೋದೆ. ರಿಪೋರ್ಟಿನಲ್ಲಿ ತಪ್ಪಾಗಿದೆ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದೆ. ಹಳೆಯವರ ಬಗ್ಗೆ ಡಾಕ್ಟರು ತಮ್ಮ ದಾಖಲೆ ನೋಡಿ ತಾವೇ ಕರೆಸಿಕೊಂಡರು.

ಲ್ಯಾಬಿನ ಧಣಿ ಮಾತ್ರ, "ಮಾಸ್ಟ್ರಿಗೆ ಪ್ರಾಯ ಆಯ್ತು, ವಿಶ್ರಾಂತಿ ತಕ್ಕೊಂಡಿದ್ದಾರೆ ಅಂತ ಹೇಳುವ. ಅಷ್ಟು ಸಾಕು" ಎಂದರು. ನಾನೂ ಒಪ್ಪಿದೆ. ಮಾಸ್ಟ್ರ ಹೆಸರು ಹೇಳಲು ಬಾಯಿ ಬರಲಿಲ್ಲ. ಯಾರ ತಪ್ಪು ಎಂದು ಕೇಳಿದವರಿಗೆ ಲ್ಯಾಬಿನ ತಪ್ಪು ಎಂದೆ. ಹಾಗೆ ಹೋದ ಒಂದು ಮನೆಯಲ್ಲಿ, ಮೊದಲ ವರ್ಷ ಯಾರ ಕಫದಲ್ಲಿ ನಾನು ಆ ಹರಳುಗಳನ್ನು ನೋಡಿದ್ದೆನೋ ಅದೇ ಹೆಂಗಸು ಕೂತಿದ್ದಳು. ಅವಳ ರಿಪೋರ್ಟಿನಲ್ಲೂ ನಾಲ್ಕು ಎಂದೇ ಬರೆದಿತ್ತು. ನನ್ನ ಮಾತು ಕೇಳಿ ಅವಳು ತಲೆ ಆಡಿಸಿದಳು. "ಮಾಸ್ಟ್ರು ಇದ್ದಿದ್ರೆ ಹೀಗೆ ಆಗ್ತಿರ್ಲಿಲ್ಲ. ಈಗಿನ ಹುಡುಗಿಯರಿಗೆ ಮೊಬೈಲಿನಲ್ಲಿ ಕಣ್ಣು" ಎಂದಳು. ನಾನು ಚೀಟಿ ಕೊಟ್ಟು ಎದ್ದು ಬಂದೆ. ಊರಿನಲ್ಲಿ ಇಂದಿಗೂ ಆ ತಪ್ಪುಗಳು ಮಾಸ್ಟ್ರು ಹೋದ ಮೇಲೆ ಆದವು ಎಂದೇ ಇದೆ.

ತಂಗಿಗೆ ಎಲ್ಲವನ್ನೂ ಹೇಳಿದೆ. ಆಸ್ಪತ್ರೆಯಿಂದ ಬಂದ ವಾರ, ಗಂಟಲು ಇನ್ನೂ ಒಡೆದಿತ್ತು. ಆ ವರ್ಷದ ಆಯ್ಕೆ ಮುಗಿದುಹೋಗಿತ್ತು. ಅವಳು ಮಾಸ್ಟ್ರನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು, "ಮಾಸ್ಟ್ರು ನನ್ನನ್ನು ನೋಡ್ತಿರ್ಲಿಲ್ಲ. ನೀನು ದಿನಾ ನೋಡ್ತಿದ್ದಿಯಲ್ಲ ಅಕ್ಕ?" ಎಂದಳು. ಪಂಪು ಮತ್ತೆ ಶುರುವಾಯಿತು, ಅವಳು ಮತ್ತೆ ಆಡಿದಳು, ಆದರೆ ಕಾಲೇಜಿನ ತಂಡಕ್ಕೆ ಸೇರಲಿಲ್ಲ. ಈಗ ರಕ್ತ ನೋಡಬೇಕಾದಾಗ ಮೂಡುಬಿದಿರೆಗೆ ಹೋಗುತ್ತಾಳೆ. ರಿಪೋರ್ಟನ್ನು ನನಗೆ ತೋರಿಸುವುದಿಲ್ಲ.

ಮಾಸ್ಟ್ರು ಒಮ್ಮೆ ಫೋನು ಮಾಡಿದ್ದರು. ಅವರು ಲ್ಯಾಬು ಬಿಟ್ಟು ನಾಲ್ಕೈದು ತಿಂಗಳಾಗಿರಬೇಕು. ನಾನು ಅವರ ಕುರ್ಚಿಯಲ್ಲಿ ಕೂತಿದ್ದೆ. ಹೇಗಿದ್ದಿ ಎಂದು ಕೇಳಲಿಲ್ಲ. "ಇಸಿನೊಫಿಲ್ ನೋಡುವಾಗ ಬೆಳಕು ಸ್ವಲ್ಪ ಕಡಿಮೆ ಮಾಡು. ಈಗಿನ ಬಲ್ಬು ಬಿಳಿ ಜಾಸ್ತಿ. ಕೆಂಪು ಸತ್ತುಹೋಗ್ತದೆ" ಎಂದರು. ಅದೇ ಸ್ವರ. ಮಣಿಕಟ್ಟು ಹಿಡಿದು ಕಲಿಸಿದಾಗಿನದ್ದೇ. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಮಾತೂ ಆಡದೆ ಫೋನು ಇಟ್ಟೆ. ಇಟ್ಟ ಮೇಲೆ ಬೆಳಕು ಕಡಿಮೆ ಮಾಡಿ ನೋಡಿದೆ. ಅವರು ಹೇಳಿದ್ದು ಸರಿ ಇತ್ತು. ಈಗಲೂ ಹಾಗೆಯೇ ಮಾಡುತ್ತೇನೆ.

ಕಳೆದ ಬೇಸಿಗೆಯಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡರು. ಮಣ್ಣಿಗೆ ನಾನು ಹೋಗಲಿಲ್ಲ. ಉತ್ತರಕ್ರಿಯೆಯ ದಿನ ಹೋಗಲೇಬೇಕೆಂದು ಅಮ್ಮ ಹಟ ಹಿಡಿದಳು. ತಂಗಿ ತನ್ನ ಸ್ಕೂಟರಿನಲ್ಲಿ ಮೂಡುಬಿದಿರೆಯ ಸಭಾಭವನದವರೆಗೆ ಬಿಟ್ಟಳು. "ನಾನು ಒಳಗೆ ಬರುದಿಲ್ಲ" ಎಂದಳು.

ಒಳಗೆ ಹಾರ ಹಾಕಿದ ಅವರ ಫೋಟೋ. ನುಡಿನಮನ ನಡೆಯುತ್ತಿತ್ತು. ಮೂವತ್ತು ವರ್ಷ ಒಂದು ತಪ್ಪಿಲ್ಲದೆ ರಕ್ತ ನೋಡಿದವರು ಎಂದು ಒಬ್ಬರು ಹೇಳಿದರು. ನಂಬಿಕೆಯ ಇನ್ನೊಂದು ಹೆಸರು ಎಂದು ಇನ್ನೊಬ್ಬರು. ಲ್ಯಾಬಿನ ಧಣಿ ನನ್ನನ್ನು ಕಂಡು, "ಅವರ ಕೊನೆಯ ಶಿಷ್ಯೆ ಇಲ್ಲಿದ್ದಾರೆ, ಎರಡು ಮಾತು" ಎಂದು ಮೈಕು ನನ್ನ ಕೈಗೆ ಕೊಟ್ಟೇ ಬಿಟ್ಟರು.

ಎದುರಿಗೆ ಕೂತಿದ್ದ ಮುಖಗಳಲ್ಲಿ ಅರ್ಧ ನನಗೆ ಗೊತ್ತಿದ್ದವೇ. ಕೆಲವರ ರಕ್ತವನ್ನು ನಾನು ಎರಡನೆಯ ಸಲ ಎಣಿಸಿದ್ದೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಮೊದಲ ಸಾಲಿನಲ್ಲಿ ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. "ರಕ್ತ ನೋಡುವುದನ್ನು ನನಗೆ ಕಲಿಸಿದ್ದು ಅವರು" ಎಂದೆ. ಮುಂದೆ ಮಾತು ಬರಲಿಲ್ಲ. ದುಃಖ ಎಂದು ತಿಳಿದು ಯಾರೋ ಮೈಕು ತೆಗೆದುಕೊಂಡರು.

ಹೊರಡಲು ಬಾಗಿಲ ಹತ್ತಿರ ಬಂದಾಗ ಅವರ ಹೆಂಡತಿ ಹಿಂದಿನಿಂದ ಬಂದು ನನ್ನ ಕೈ ಹಿಡಿದರು. "ನೀನು ಫೋನು ಮಾಡ್ತಿ ಅಂತ ಕಾಯ್ತಾ ಇದ್ರು ಮಗಾ. ರಿಂಗಾದ ಕೂಡ್ಲೇ ಯಾರು, ಅವಳಾ ಅಂತ ಕೇಳ್ತಿದ್ರು. ನಿನಗೂ ಕೆಲಸ ಜಾಸ್ತಿ ಅಲ್ವಾ?" ಅವರಿಗೆ ಏನೂ ಗೊತ್ತಿರಲಿಲ್ಲ. ಗಂಡ ಅವರಿಗೂ ಹೇಳಿರಲಿಲ್ಲ. "ಹೌದಮ್ಮ, ಕೆಲಸ ಜಾಸ್ತಿ" ಎಂದೆ. "ಊಟ ಮಾಡದೆ ಹೋಗ್ಬಾರ್ದು" ಎಂದು ಕೈ ಬಿಡದೆ ಕರೆದುಕೊಂಡು ಹೋಗಿ ಎಲೆಯ ಮುಂದೆ ಕೂರಿಸಿದರು. ಪಾಯಸ ಬಡಿಸುವಾಗಲೂ ಪಕ್ಕದಲ್ಲೇ ನಿಂತಿದ್ದರು. ನಾನು ಎಲೆಯಲ್ಲಿ ಏನೂ ಬಿಡದೆ ಉಂಡೆ.

ಹೊರಗೆ ತಂಗಿ ಮರದ ನೆರಳಿನಲ್ಲಿ ಸ್ಕೂಟರಿನ ಮೇಲೆ ಕೂತಿದ್ದಳು. ನನ್ನ ಮುಖ ನೋಡಿದಳು.

"ಎಂತ ಹೇಳಿದಿ?"

"ಕಲಿಸಿದ್ದು ಅವರು ಅಂದೆ."

"ಮತ್ತೆ?"

"ಮತ್ತೆ ಎಂತದ್ದೂ ಇಲ್ಲ."

"ಊಟ?"

"ಮಾಡಿದೆ."

ಅವಳು ಕೀಲಿ ತಿರುಗಿಸಿದಳು.

"ನಾನಾದ್ರೆ ಮಾಡ್ತಿರ್ಲಿಲ್ಲ" ಎಂದಳು. "ಹತ್ತು, ಹೋಗುವ."